ಕೆನಡಾ ಸಿನಿಮಾ, ನಾಲ್ಕನೇ ಪ್ರೆಸ್ಸು ಮತ್ತು ಒಂದು ಹೋಳು ನುಗ್ಗೆಕಾಯಿ

ಬೇಡ ಎನ್ನುವುದಕ್ಕೇ ಸಂಬಳ ಪಡೆಯುವ ಕೆಲವರು ಈ ಲೋಕದಲ್ಲಿದ್ದಾರೆ. ಅವರಲ್ಲಿ ನಾನೂ ಒಬ್ಬ. ಪೀಣ್ಯದ ಎರಡನೇ ಹಂತದಲ್ಲಿ, ಕುಕ್ಕರಿನ ಮುಚ್ಚಳಕ್ಕೆ ಹಾಕುವ ರಬ್ಬರ್ ಗ್ಯಾಸ್ಕೆಟ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೇನೆ. ನನ್ನ ಜೇಬಿನಲ್ಲಿ ಕರವಸ್ತ್ರ ಇರುತ್ತದೋ ಇಲ್ಲವೋ, ‘ರಿಜೆಕ್ಟೆಡ್’ ಎಂದು ಅಚ್ಚಾದ ಕೆಂಪು ಚೀಟಿಗಳ ಕಟ್ಟಂತೂ ಇದ್ದೇ ಇರುತ್ತದೆ. ಈ ಚಾಳಿ ಕಾರ್ಖಾನೆಯ ಗೇಟಿನಲ್ಲೇ ನಿಲ್ಲುವುದಿಲ್ಲ. ಬಾಗಲಗುಂಟೆಯ ನಮ್ಮ ಬೀದಿಯ ತರಕಾರಿಯವನು ನಾನು ಬರುವುದನ್ನು ಕಂಡರೆ ಟೊಮೇಟೊ ಬುಟ್ಟಿಯ ಮೇಲೆ ಗೋಣಿಚೀಲ ಎಳೆಯುತ್ತಾನೆ. “ಎಲ್ಲದರಲ್ಲೂ ಹುಳುಕು ಹುಡುಕೋರು ನೀವು, ನನ್ನನ್ನ ಅದ್ಹೇಗ್ರೀ ಒಪ್ಕೊಂಡ್ರಿ?” ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. “ಆಗ ನಾನಿನ್ನೂ ಟ್ರೈನಿ ಆಗಿದ್ದೆ ಕಣೇ” ಎಂದುಬಿಟ್ಟೆ. ಆ ವಾರವೆಲ್ಲ ನನ್ನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಇಂಥ ನನಗೂ ಬೇಕು ಎನಿಸುವ ವಸ್ತು ಒಂದಿದೆ. ಅದು ಸಾಂಬಾರಿನಲ್ಲಿ ಬೆಂದ ನುಗ್ಗೆಕಾಯಿ. ನಮ್ಮ ಕ್ಯಾಂಟೀನಿನಲ್ಲಿ ಊಟ ಮೂರು ಬ್ಯಾಚಿನಲ್ಲಿ ನಡೆಯುತ್ತದೆ. ಮೊದಲು ಪ್ರೊಡಕ್ಷನ್‌ನವರು, ಆಮೇಲೆ ಸ್ಟೋರ್ಸ್ ಮತ್ತು ಆಫೀಸಿನವರು, ಕಟ್ಟಕಡೆಗೆ ಕ್ವಾಲಿಟಿಯವರು. ಮಂಗಳವಾರ, ಶುಕ್ರವಾರ ಅಡುಗೆಯ ಜಯಮ್ಮ ನುಗ್ಗೆಕಾಯಿ ಸಾಂಬಾರು ಮಾಡುತ್ತಾಳೆಂಬುದನ್ನು ನಾವು ವಾಸನೆಯಿಂದ ಬಲ್ಲೆವೇ ಹೊರತು ಕಣ್ಣಾರೆ ಕಂಡವರಲ್ಲ. ನಮ್ಮ ಸರದಿಯ ಹೊತ್ತಿಗೆ ಹೋಳುಗಳು ಪ್ರೊಡಕ್ಷನ್ ಸೂಪರ್‌ವೈಸರ್ ಮುರುಗೇಶನ ತಟ್ಟೆಯ ಅಂಚಿನಲ್ಲಿ ಸಿಪ್ಪೆಯಾಗಿ ಒರಗಿರುತ್ತವೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಊರಿಗೆಲ್ಲ ಗ್ಯಾಸ್ಕೆಟ್ ಕೊಡುವ ನಮ್ಮ ಕಾರ್ಖಾನೆಯ ಕ್ಯಾಂಟೀನಿನ ದೊಡ್ಡ ಕುಕ್ಕರು ಮಾತ್ರ ಸುತ್ತಲೂ ಹಬೆ ಬಿಡುತ್ತ ಬುಸುಗುಡುತ್ತಿತ್ತು. ಜಯಮ್ಮ ತಿಂಗಳಿಗೆರಡು ಗ್ಯಾಸ್ಕೆಟ್ ಬದಲಾಯಿಸುತ್ತಿದ್ದಳು, ಬದಲಾಯಿಸುವಾಗಲೆಲ್ಲ ನನ್ನನ್ನು ಶಪಿಸುತ್ತಿದ್ದಳು.

ಹೀಗಿರುವಾಗ ಯಜಮಾನರ ಮಗಳು ಕೆನಡಾದಲ್ಲಿ ಎರಡು ವರ್ಷ ಓದಿ ಬಂದರು. ನಾವು ಅವರನ್ನು ಸಣ್ಣ ಮೇಡಂ ಎನ್ನುತ್ತೇವೆ. ಬಂದ ತಿಂಗಳೇ, ನೌಕರರ ಉತ್ಸಾಹ ಹೆಚ್ಚಿಸಲು ಒಂದು ಕ್ವಿಜ್ ಎಂದು ನೋಟಿಸ್ ಹಾಕಿದರು. ವಿಷಯ ಎರಡು: ಕೆನಡಾದ ಸಿನಿಮಾಗಳು ಮತ್ತು ಆಕಸ್ಮಿಕವಾಗಿ ಆದ ವೈಜ್ಞಾನಿಕ ಸಂಶೋಧನೆಗಳು. ಈ ಎರಡಕ್ಕೆ ಏನು ಸಂಬಂಧ ಎಂದು ಯಾರೋ ಕೇಳಿದ್ದಕ್ಕೆ, “ಎರಡೂ ನಂಗಿಷ್ಟ” ಎಂದರಂತೆ. ಯಜಮಾನರ ಮಗಳ ಬಾಯಲ್ಲಿ ಇದಕ್ಕಿಂತ ದೊಡ್ಡ ಸಂಬಂಧ ಬೇಕಿಲ್ಲವಷ್ಟೆ. ನಾನು ನೋಟಿಸನ್ನು ಮನಸ್ಸಿನಲ್ಲೇ ರಿಜೆಕ್ಟ್ ಮಾಡಿ ಮುಂದೆ ಹೊರಟವನು ಕೊನೆಯ ಸಾಲು ಓದಿ ನಿಂತೆ. ಗೆದ್ದ ವಿಭಾಗಕ್ಕೆ ಒಂದು ವರ್ಷ ಪೂರ್ತಿ ಮೊದಲ ಬ್ಯಾಚಿನ ಊಟ!

ವಿಭಾಗಕ್ಕೆ ಇಬ್ಬರ ತಂಡ; ನನ್ನ ಜೊತೆಗಾರ ಪುಟ್ಟರಾಜು. ನಮ್ಮ ಕಾರ್ಖಾನೆ ಇರುವ ಜಾಗದಲ್ಲಿ ಅವನ ತಾತ ರಾಗಿ ಬೆಳೆಯುತ್ತಿದ್ದನಂತೆ. ಪುಟ್ಟರಾಜುವಿಗೆ ಈಗ ಆರು ಬಾಡಿಗೆ ಮನೆಗಳಿವೆ, ಕೆಲಸದ ಅಗತ್ಯವೇನಿಲ್ಲ. ಮನೆಯಲ್ಲಿದ್ದರೆ ಹೆಂಡತಿ ಕೆಲಸ ಹೇಳುತ್ತಾಳೆಂದು ಇಲ್ಲಿಗೆ ಬಂದು ಗ್ಯಾಸ್ಕೆಟ್ ಅಳೆಯುತ್ತಾನೆ. “ಅಲ್ಲಾ ಸಾ, ಕೆನಡಾದಾಗೂ ಪಿಚ್ಚರ್ ತೆಗೀತಾರಾ?” ಎಂಬುದು ಅವನ ಮೊದಲ ಪ್ರಶ್ನೆ. ತೆಗೆಯುತ್ತಾರೋ ಇಲ್ಲವೋ ಎಂದು ನೋಡಲು ಅವನ ಮೊಬೈಲಿನಲ್ಲೇ ಒಂದನ್ನು ಹುಡುಕಿ, ಮೂರು ದಿನದ ಟೀ ವಿರಾಮಗಳಲ್ಲಿ ನೋಡಿ ಮುಗಿಸಿದೆವು. ಒಬ್ಬ ಗಡ್ಡದ ಮನುಷ್ಯ ಮನೆ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುತ್ತಾನೆ. ಒಬ್ಬಳು ಹೆಂಗಸು ಕಿಟಕಿಯಿಂದ ನೋಡುತ್ತಾಳೆ. ಮತ್ತೆ ಹಿಮ ಬೀಳುತ್ತದೆ. ಅವನು ಮತ್ತೆ ಎತ್ತುತ್ತಾನೆ. ಎರಡನೆಯ ದಿನ ಪುಟ್ಟರಾಜು ತಡೆಯಲಾರದೆ, “ಇಂಗೆ ಎತ್ತಾಕ್ತಾ ಕುಂತ್ರೆ ಇವ್ನು ತಿಂಡಿ ತಿನ್ನೋದು ಯಾವಾಗ ಸಾ? ಆಯಮ್ಮನಾದ್ರೂ ಒಂದ್ ಕೈ ಆಕಬಾರ್ದಾ?” ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮೂರನೆಯ ದಿನ ಹಿಮ ಕರಗಿತು, ಸಿನಿಮಾ ಮುಗಿಯಿತು.

ಇನ್ನೊಂದನ್ನು ನೋಡುವ ತಾಳ್ಮೆ ಇಬ್ಬರಿಗೂ ಉಳಿಯಲಿಲ್ಲ. ಅದಕ್ಕೇ ನಾನೊಂದು ಸೂತ್ರ ಹೆಣೆದೆ. ಸಿನಿಮಾ ಪ್ರಶ್ನೆ ಯಾವುದೇ ಇರಲಿ, ಉತ್ತರ ‘ಹಿಮ’. ಸಂಶೋಧನೆಯ ಪ್ರಶ್ನೆ ಯಾವುದೇ ಇರಲಿ, ಉತ್ತರ ‘ಮರೆತ’. ವಿಜ್ಞಾನಿ ಏನನ್ನಾದರೂ ಮರೆಯದಿದ್ದರೆ ಆಕಸ್ಮಿಕ ಹೇಗೆ ಆದೀತು?

ಶನಿವಾರ ಊಟದ ನಂತರ ಕ್ಯಾಂಟೀನಿನಲ್ಲೇ ಕ್ವಿಜ್. ಗಂಟೆಯ ಬದಲು ತಟ್ಟೆಗೆ ಚಮಚದಿಂದ ಬಡಿಯಬೇಕು. ನನ್ನ ಸೂತ್ರ ನಾಚಿಕೆಯಾಗುವಷ್ಟು ಚೆನ್ನಾಗಿ ಕೆಲಸ ಮಾಡಿತು. ಈ ಚಿತ್ರದಲ್ಲಿ ನಾಯಕ ಬಾಗಿಲು ತೆರೆದಾಗ ಏನು ಕಾಣುತ್ತಾನೆ? ಹಿಮ! ಸಕ್ಕರೆಯ ಬದಲು ಬಳಸುವ ಸಿಹಿಪುಡಿ ಪತ್ತೆಯಾದದ್ದು ಹೇಗೆ? ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಮರೆತ! ಟೊರಾಂಟೊದ ಬೀದಿಗಳು ಎಷ್ಟೋ ಸಿನಿಮಾಗಳಲ್ಲಿ ಬೇರೆ ಊರಿನ ವೇಷ ಹಾಕುತ್ತವೆ, ಯಾವ ಊರು ಎಂದಾಗ ಮಾತ್ರ ನಾನು ಹಿಮ ಎನ್ನುವಷ್ಟರಲ್ಲಿ ಪುಟ್ಟರಾಜು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, “ನ್ಯೂಯಾರ್ಕು” ಎಂದ. ಸರಿ! ಹೇಗೆ ಗೊತ್ತಾಯಿತೆಂದು ಮೇಡಂ ಬೆರಗಾದರು. “ನಮ್ಮನೇನ ಸೀರಿಯಲ್‌ನೋರು ಮುಂಬೈ ಅಂತ ತೋರಿಸಿದ್ರು ಮೇಡಂ. ಅಗ್ಗದ ಊರು ಯಾವತ್ತೂ ದುಬಾರಿ ಊರಿನ ಪಾರ್ಟು ಮಾಡ್ತದೆ.” ಇತ್ತ ಮುರುಗೇಶನೂ ಬಿಡಲಿಲ್ಲ. ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಯ ಮೇಲೆ ಬಿದ್ದು ಗಟ್ಟಿಯಾದ ಕಥೆಯನ್ನು ತನ್ನ ಮನೆಯದೇ ಎಂಬಂತೆ ಹೇಳಿ ಅಂಕ ಹೊಡೆದ. ಕೊನೆಗೆ ಅವರ ತಂಡ, ನಮ್ಮ ತಂಡ ಎರಡೂ ಸಮ. “ಮಚ್ಚಾ, ನುಗ್ಗೆಕಾಯಿ ನಮ್ದೇ” ಎಂದು ಮುರುಗೇಶ ನನ್ನತ್ತ ನೋಡಿ ಕಣ್ಣು ಹೊಡೆದ.

ಕೊನೆಯ ಪ್ರಶ್ನೆ: ರಜೆ ಮುಗಿಸಿ ಬಂದ ವಿಜ್ಞಾನಿ ತನ್ನ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆದದ್ದನ್ನು ಕಂಡ. ಪೆನಿಸಿಲಿನ್ ಸಿಕ್ಕಿದ್ದು ಅವನು ಏನು ಮಾಡಿದ್ದರಿಂದ? ಮುರುಗೇಶನ ಚಮಚ ಮೇಲೇಳುವಷ್ಟರಲ್ಲಿ ನಾನು ತಟ್ಟೆ ಬಡಿದಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಆವೇಶದಿಂದ ಮಾತಾಡಿದವನಲ್ಲ. “ಎಸೀಲಿಲ್ಲ ಮೇಡಂ! ಬೇರೆ ಯಾರಾದ್ರೂ ಆಗಿದ್ರೆ ಕೆಟ್ಟೋಯ್ತು ಅಂತ ಕಸಕ್ಕೆ ಹಾಕ್ತಿದ್ರು. ಅವನು ನಿಂತು ನೋಡ್ದ. ಕೆಟ್ಟಿದ್ರಲ್ಲೂ ಏನೋ ಇರಬಹುದು ಅಂತ ಬಗ್ಗಿ ನೋಡ್ದ. ದೊಡ್ಡತನ ಅಂದ್ರೆ ಅದು!” ಕ್ಯಾಂಟೀನು ಚಪ್ಪಾಳೆಯಲ್ಲಿ ಮುಳುಗಿತು. ಜಯಮ್ಮ ಸೌಟು ಎತ್ತಿ ತೋರಿಸಿದಳು. ನಾವು ಗೆದ್ದಿದ್ದೆವು.

ಚಪ್ಪಾಳೆ ನಿಂತಾಗ ಸುಟ್ಟ ವಾಸನೆ ಬಂತು. ಹೋಟೆಲ್ ಕುಕ್ಕರುಗಳ ದೊಡ್ಡ ಗ್ಯಾಸ್ಕೆಟ್‌ಗಳನ್ನು ಅಚ್ಚಿನಲ್ಲಿ ಒತ್ತಿ ಬೇಯಿಸುವ ನಾಲ್ಕನೇ ಪ್ರೆಸ್ಸನ್ನು ಮುರುಗೇಶ ತೆರೆಯದೆ ಕ್ವಿಜ್‌ಗೆ ಓಡಿಬಂದಿದ್ದ. ಹನ್ನೆರಡು ನಿಮಿಷ ಬೇಯಬೇಕಾದದ್ದು ಒಂದೂವರೆ ಗಂಟೆ ಬೆಂದಿತ್ತು. ತೆರೆದು ನೋಡಿದರೆ ಗ್ಯಾಸ್ಕೆಟ್‌ಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಹಿಂದೆಂದೂ ಕಾಣದಷ್ಟು ಮೆತ್ತಗೆ ಹೊಳೆಯುತ್ತಿದ್ದವು. ಪುಟ್ಟರಾಜು ಒಂದನ್ನು ಎತ್ತಿ ಎಳೆದ, ಬಿಟ್ಟ, ಮತ್ತೆ ಎಳೆದ. “ಸಾ, ಇದ್ಯಾಕೋ ಚೆಂದಾಗೈತೆ. ಈಗ್ತಾನೆ ನೀವೇ ಏಳಿದ್ರಲ್ಲ, ಬಗ್ಗಿ ನೋಡಬೇಕು ಅಂತ. ಒಂದ್ಸಲ ನೋಡಾನ ಸಾ.”

“ಪುಟ್ಟರಾಜು, ಅದು ಕ್ವಿಜ್ಜು. ಇದು ಡ್ಯೂಟಿ” ಎಂದೆ. ಹನ್ನೆರಡು ನಿಮಿಷವೆಂದರೆ ಹನ್ನೆರಡು ನಿಮಿಷ. ಕೆಂಪು ಚೀಟಿ ಕಟ್ಟಿದೆ, ಸಹಿ ಹಾಕಿದೆ, ಅಷ್ಟನ್ನೂ ಗುಜರಿಗೆ ಕಳಿಸಿದೆ. ವಿಜಯದ ಸಂಭ್ರಮದಲ್ಲಿ ಸಹಿಯನ್ನು ಕೊಂಚ ದೊಡ್ಡದಾಗಿಯೇ ಹಾಕಿದ್ದೆ.

ಅದರಲ್ಲಿ ಒಂದನ್ನು ಜಯಮ್ಮ ಚೀಟಿ ಸಮೇತ ಎತ್ತಿಟ್ಟುಕೊಂಡು ತನ್ನ ಕುಕ್ಕರಿಗೆ ಹಾಕಿದಳು. ಅಂದಿನಿಂದ ಇಂದಿನವರೆಗೆ, ಎಂಟು ತಿಂಗಳಾಯಿತು, ಆ ಕುಕ್ಕರು ಒಂದೆಳೆ ಹಬೆ ಬಿಟ್ಟಿಲ್ಲ. ಗ್ಯಾಸ್ಕೆಟ್ ಸವೆದಿಲ್ಲ, ಬಿರಿದಿಲ್ಲ, ಹಿಗ್ಗಿಲ್ಲ. ಸೋಮವಾರವೇ ಸುದ್ದಿ ಸಣ್ಣ ಮೇಡಂ ಕಿವಿಗೆ ಬಿದ್ದು, ಅವರು ಓಡಿಬಂದು, “ಇಂಥದ್ದನ್ನ ರಿಜೆಕ್ಟ್ ಮಾಡಿದ್ದು ಯಾರು?” ಎಂದು ಕೇಳಿದರಂತೆ. ಜಯಮ್ಮ ಮೊಳೆಗೆ ಸಿಕ್ಕಿಸಿದ್ದ ಕೆಂಪು ಚೀಟಿ ತೋರಿಸಿದಳಂತೆ. ಆಮೇಲೆ ನಾಲ್ಕನೇ ಪ್ರೆಸ್ಸಿನಲ್ಲಿ ಒಂದೂವರೆ ಗಂಟೆ, ಎರಡು ಗಂಟೆ ಎಂದು ಎಷ್ಟು ಸಲ ಬೇಯಿಸಿದರೂ ಬಂದದ್ದು ಬರೀ ಇದ್ದಿಲು. ಆ ದಿನ ಶಾಖ ಎಷ್ಟಿತ್ತು, ಮಿಶ್ರಣ ಯಾವುದಿತ್ತು ಎಂದು ಬರೆದಿಡಬೇಕಾದವನು ನಾನೇ. ನಾನು ಬರೆದಿದ್ದದ್ದು ‘ಕೆಟ್ಟಿದೆ’ ಎಂದಷ್ಟೆ.

ಇರಲಿ, ಮೊದಲ ಬ್ಯಾಚಿನ ಊಟವಾದರೂ ನನ್ನದಾಯಿತಲ್ಲ ಎನ್ನುತ್ತೀರಾ? ಗ್ಯಾಸ್ಕೆಟ್ ಬದಲಾದ ಮೊದಲ ಮಂಗಳವಾರ ತಲೆ ಬಾಚಿಕೊಂಡು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತೆ. ಜಯಮ್ಮ ಸೌಟನ್ನು ಪಾತ್ರೆಯ ತಳದವರೆಗೂ ಇಳಿಸಿ ಕಲಕಿದಳು, ಮತ್ತೆ ಕಲಕಿದಳು. ಸೌಟಿನಲ್ಲಿ ಬರೀ ನಾರು ಬಂತು. ಹಬೆ ಸೋರುತ್ತಿದ್ದ ಹಳೆಯ ಕುಕ್ಕರಿನಲ್ಲಿ ಹದವಾಗಿ ಬೇಯುತ್ತಿದ್ದ ನುಗ್ಗೆಕಾಯಿ, ಈಗ ಮೊದಲ ಸೀಟಿಗೇ ಕರಗಿ ಸಾಂಬಾರಿನಲ್ಲಿ ಒಂದಾಗಿಬಿಡುತ್ತಿತ್ತು.

“ನಾನೇನ್ ಮಾಡ್ಲಿ ಸಾರ್? ಮುಚ್ಚಳ ಅಂಗೆ ಹಿಡಿತೈತೆ. ಹಳೇ ಗ್ಯಾಸ್ಕೆಟ್ಟೇ ಹಾಕ್ಲಾ ಅಂದ್ರೆ, ಸಣ್ಣ ಮೇಡಂ ಇದನ್ನ ಮುಟ್ಟಬೇಡಿ ಅಂದವ್ರೆ” ಎಂದಳು ಜಯಮ್ಮ.

ನಾನು ಅಭ್ಯಾಸಬಲದಿಂದ ಜೇಬಿನ ಕೆಂಪು ಚೀಟಿಗೆ ಕೈ ಹಾಕಿದೆ. ಯಾವುದಕ್ಕೆ ಕಟ್ಟಬೇಕೆಂದು ತಿಳಿಯದೆ ಅದನ್ನು ಮತ್ತೆ ಜೇಬಿಗೇ ತುರುಕಿದೆ. ಕೊನೆಗೆ ಆ ನಾರಿನ ಸಾಂಬಾರನ್ನೇ ಹಾಕಿಸಿಕೊಂಡು, ಬಗ್ಗಿ ನೋಡುತ್ತ ಉಂಡೆ.