ವೆನಿಸ್‌ಗೆ ಹೊಡೆದ ಮೊಳೆ

ಮದುವೆಯಾದವರು ಯಾವುದೋ ಬೆಟ್ಟಕ್ಕೋ ಕಡಲ ತೀರಕ್ಕೋ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು ಒಂದು ಫೋಟೋ ತೆಗೆಸಿಕೊಂಡು ಬಂದು, ಅದನ್ನೇ ಮಧುಚಂದ್ರ ಎಂದು ಕರೆಯುತ್ತಿದ್ದ ಕಾಲವದು. ಅಂಥ ಚಿಲ್ಲರೆ ಚಂದ್ರ ನನಗೆ ಬೇಡವೆಂದು ನಾನು ಮದುವೆಯಾದ ಹೊಸದರಲ್ಲೇ ಘೋಷಿಸಿಬಿಟ್ಟೆ. ಹೋದರೆ ಯುರೋಪು! ಅದೂ ಊರಿಂದೂರಿಗೆ ರೈಲಿನಲ್ಲಿ, ಹಾಯಾಗಿ, ಪಟ್ಟದ ರಾಜ ರಾಣಿಯರ ಹಾಗೆ. ನಮ್ಮಿಬ್ಬರ ವಂಶದಲ್ಲೂ ವಿಮಾನದ ಹೊಟ್ಟೆಯನ್ನು ಒಳಗಿನಿಂದ ಕಂಡವರು ಯಾರೂ ಇರಲಿಲ್ಲ. ಇಲ್ಲದಿದ್ದರೇನಂತೆ? ನಕ್ಷೆ ಓದಲು ಬರುವವನಿಗೆ ಜಗತ್ತಿನಲ್ಲಿ ಅಪರಿಚಿತ ಊರು ಅಂತ ಯಾವುದಿದೆ?

ಈ ಜಂಭಕ್ಕೆ ಕಾರಣವಿತ್ತು. ನಾನು ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವವನು. ಯಾವ ರಸ್ತೆಯ ಕೆಳಗೆ ಯಾವ ಪೈಪು ಮಲಗಿದೆ, ಅದು ಯಾರ ಮನೆ ಮುಂದೆ ಮಗ್ಗುಲು ಬದಲಾಯಿಸುತ್ತದೆ, ವಾಲ್ವು ಎಲ್ಲಿ ಅಡಗಿ ಕೂತಿದೆ ಎನ್ನುವುದೆಲ್ಲ ನನ್ನ ಕೈಬರಹ. ಎಂಜಿನಿಯರ್ ಸಾಹೇಬರೇ ನನ್ನ ಮೇಜಿನ ಹತ್ತಿರ ಬಂದು ಇಲ್ಲಿ ಅಗೆಯಬಹುದೇ ಎಂದು ಕೇಳುತ್ತಿದ್ದರು. ಅಗೆಯಿರಿ ಎಂದರೆ ಅಗೆಯುವರು, ಬೇಡ ಎಂದರೆ ಸಂಬಳ ತೆಗೆದುಕೊಂಡು ಸುಮ್ಮನಿರುವರು.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹೆಂಗಸರ ವಾರ್ಡಿನಲ್ಲಿ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಓಡಿ ಓಡಿ ಸಾಕಾಗಿ ಮನೆಗೆ ಬಂದವಳು, ಮೊದಲು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ತನ್ನ ಪಾದಗಳನ್ನು ಬೇರೆ ಯಾರದೋ ಪಾದಗಳೆಂಬಂತೆ ಸ್ವಲ್ಪ ಹೊತ್ತು ನೋಡುತ್ತಿದ್ದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ. ನಕ್ಷೆಯಲ್ಲಿ ಇಲ್ಲದ್ದು ಯಾವುದೂ ನನಗೆ ಆಗ ಅರ್ಥವಾಗುತ್ತಿರಲಿಲ್ಲ.

ಹಳೆ ಪುಸ್ತಕದ ಅಂಗಡಿಯಿಂದ ಬಾಗಿಲಷ್ಟು ದೊಡ್ಡ ಯುರೋಪಿನ ನಕ್ಷೆ ತಂದು ಮಲಗುವ ಕೋಣೆಯ ಗೋಡೆಗೆ ಅಂಟಿಸಿದೆ. ಹೋಗಬೇಕಾದ ಊರಿಗೆಲ್ಲ ಗುಂಡುಪಿನ್ನು ಚುಚ್ಚುವುದು ನನ್ನ ಯೋಜನೆ. ಗೋಡೆ ಒಪ್ಪಲಿಲ್ಲ, ಪಿನ್ನುಗಳೆಲ್ಲ ಸೊಂಟ ಮುರಿದುಕೊಂಡು ಬಿದ್ದವು. ಹಟಕ್ಕೆ ಬಿದ್ದ ನಾನು ಕಚೇರಿಯಿಂದ ಸುತ್ತಿಗೆಯನ್ನೂ ಒಂದು ಪೊಟ್ಟಣ ಉಕ್ಕಿನ ಮೊಳೆಯನ್ನೂ ತಂದೆ. ಊರಿಗೊಂದು ಮೊಳೆ, ಮೊಳೆಯಿಂದ ಮೊಳೆಗೆ ಕೆಂಪು ಉಲ್ಲನ್ ದಾರ. ದಾರ ಎಲ್ಲಿಯದೆಂದು ಕೇಳಬೇಡಿ. ಹೆಂಡತಿ ನನಗಾಗಿ ಹೆಣೆಯುತ್ತಿದ್ದ ಸ್ವೆಟರಿಗೆ ಆ ವರ್ಷ ಒಂದು ತೋಳು ಕಡಿಮೆಯಾಯಿತು.

ಮೊದಲು ಇದ್ದದ್ದು ಪ್ಯಾರಿಸ್ ಒಂದೇ. ಅದನ್ನು ಬೆಳೆಸಿದವನು ನನ್ನ ಪಕ್ಕದ ಮೇಜಿನವನು. ಕಚೇರಿಯಲ್ಲಿ ಅವನನ್ನು ಬೃಹಸ್ಪತಿ ಎಂದೇ ಕರೆಯುತ್ತಿದ್ದೆವು, ಅವನಿಗೆ ಗೊತ್ತಿಲ್ಲದ ವಿಷಯವನ್ನು ದೇವರು ಇನ್ನೂ ಸೃಷ್ಟಿಸಿರಲಿಲ್ಲ. ಅವನೂ ಯುರೋಪಿಗೆ ಹೋದವನಲ್ಲ, ಅವನ ಭಾವಮೈದುನ ಹೋಗಿದ್ದ. ಪ್ಯಾರಿಸ್ ನೋಡಿ ರೋಮ್ ಬಿಟ್ಟರೆ ಮುಖ ತೊಳೆದು ಮೂಗು ಬಿಟ್ಟ ಹಾಗೆ ಎಂದ. ರೋಮಿಗೆ ಮೊಳೆ ಹೊಡೆದೆ. ಮಾರನೆಯ ದಿನ ವಿಯೆನ್ನಾ ಬಿಟ್ಟರೆ ಕಿವಿ ಬಿಟ್ಟ ಹಾಗೆ ಎಂದ. ಹೀಗೆ ಮುಖದಲ್ಲಿರುವ ಅಂಗಗಳೆಲ್ಲ ಮುಗಿಯುವ ಹೊತ್ತಿಗೆ ನಮ್ಮ ಗೋಡೆಯ ಮೇಲೆ ಯುರೋಪಿಗೆ ಸಿಡುಬು ಎದ್ದಿತ್ತು. ಪ್ರತಿ ಮೊಳೆಗೂ ಕೆಳಮನೆಯ ನಿವೃತ್ತ ಹೆಡ್‌ಮೇಷ್ಟ್ರು ತಮ್ಮ ಸೂರಿಗೆ ಕೋಲಿನಿಂದ ಕುಟ್ಟಿ ಉತ್ತರ ಕೊಡುತ್ತಿದ್ದರು.

ಎಲ್ಲ ಮುಗಿದ ಮೇಲೆ ಹೆಂಡತಿಯನ್ನು ಕೈಹಿಡಿದು ಕರೆದುಕೊಂಡು ಬಂದು ತೋರಿಸಿದೆ. ಅವಳು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಚೆನ್ನಾಗಿದೆ. ಇದರಲ್ಲಿ ಕೂತ್ಕೊಳ್ಳೋದು ಎಲ್ಲಿ?"

"ರೈಲಲ್ಲಿ ಕೂತೇ ಇರ್ತೀವಲ್ಲೇ."

"ಅದು ಹೋಗೋದು ರೀ. ನಾನು ಕೇಳಿದ್ದು ಕೂತ್ಕೊಳ್ಳೋದು."

ನನಗೆ ವ್ಯತ್ಯಾಸ ತಿಳಿಯಲಿಲ್ಲ. ಅವಳು ಮಂಚದ ತುದಿಯಲ್ಲಿ ಕೂತು, ಮಕ್ಕಳಿಗೆ ಮಾತ್ರೆ ನುಂಗಿಸುವಾಗಿನ ದನಿಯಲ್ಲಿ ಬಿಡಿಸಿ ಹೇಳಿದಳು. "ನನಗೆ ಇಷ್ಟೊಂದು ಊರು ಬೇಡ. ಒಂದೇ ಊರು ಸಾಕು, ಅಲ್ಲಿ ನೀರಿರಬೇಕು. ದಡದಲ್ಲಿ ಕಾಲು ಇಳಿಬಿಟ್ಟು ಸುಮ್ನೆ ಕೂತ್ಕೋಬೇಕು. ಯಾರೂ ಬಂದು ಸಿಸ್ಟರ್ ಅನ್ನಬಾರದು. ನೀವು ಬೇಕಾದ್ರೆ ಪಕ್ಕದಲ್ಲಿರಿ."

ಬುದ್ಧಿಯಿದ್ದವನು ಆಗ ಉಳಿದ ಮೊಳೆಗಳನ್ನು ಕೀಳುತ್ತಿದ್ದ. ನಾನು ಉದಾರಿ, ಇನ್ನೊಂದು ಹೊಡೆಯಲು ಹೊರಟೆ. ನೀರಿನ ಊರು ತಾನೇ? ಬೀದಿ ಬೀದಿಯಲ್ಲೂ ನೀರಿರುವ ವೆನಿಸ್ಸೇ ಇದೆಯಲ್ಲ! ಹೆಂಡತಿಯ ಆಸೆಯ ಊರು ಎಂದು ಪೊಟ್ಟಣದಲ್ಲಿದ್ದ ಎಲ್ಲಕ್ಕಿಂತ ಉದ್ದದ ಮೊಳೆಯನ್ನೇ ಆರಿಸಿದೆ.

ಅಂದು ರಜೆ, ಸಂಜೆಯ ಹೊತ್ತು. ಅವಳು ಡ್ಯೂಟಿ ಮುಗಿಸಿ ಆಗತಾನೆ ಬಂದು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಳು. ನಾನು ಎರಡೇಟು ಹೊಡೆದೆ, ಮೂರನೆಯದಕ್ಕೆ ಮೊಳೆ ಬೆಣ್ಣೆಯೊಳಗೆ ಇಳಿದಂತೆ ಸಲೀಸಾಗಿ ಇಳಿಯಿತು. ವೆನಿಸ್ಸಿನ ಕಣ್ಣಲ್ಲಿ ಒಂದು ಹನಿ ಕಾಣಿಸಿತು. ಇದೇನು ನೋಡೋಣವೆಂದು ಮೊಳೆಯನ್ನು ಕಿತ್ತೆ. ಕೀಳಬಾರದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ನೀರು ನನ್ನ ಕಿವಿ ಸವರಿಕೊಂಡು ಮಂಚದ ಮೇಲೆ ಹಾರಿ, ಎದುರು ಗೋಡೆಯಲ್ಲಿದ್ದ ನಮ್ಮ ಮದುವೆಯ ಫೋಟೋದಲ್ಲಿ ವರನ ಮುಖಕ್ಕೇ ಸರಿಯಾಗಿ ಬಡಿಯಿತು.

ಹೆಂಡತಿ ಓಡಿ ಬಂದಾಗ ನಾನು ಸುತ್ತಿಗೆ ಹಿಡಿದು, ತೊಯ್ದು ತೊಪ್ಪೆಯಾಗಿ, ಗೋಡೆಯ ಜೊತೆ ವಾದ ಮಾಡುತ್ತಿದ್ದೆ.

"ಇಲ್ಲಿ ಪೈಪ್ ಇಲ್ಲ ಕಣೇ. ಈ ಕಟ್ಟಡದ ನಕ್ಷೆ ಬರೆದವನೇ ನಾನು. ಈ ಗೋಡೇಲಿ ಪೈಪ್ ಇಲ್ಲ."

"ಹಾಗಂತ ನೀರಿಗೆ ಹೇಳಿ," ಎಂದವಳೇ ನನ್ನನ್ನು ಪಕ್ಕಕ್ಕೆ ತಳ್ಳಿ ತನ್ನ ಹೆಬ್ಬೆರಳನ್ನು ವೆನಿಸ್ಸಿನ ಮೇಲೆ ಒತ್ತಿದಳು. ನೀರು ನಿಂತಿತು, ಪೂರ್ತಿಯಲ್ಲದಿದ್ದರೂ ಮುಕ್ಕಾಲು ಪಾಲು. ರಕ್ತವಾದರೇನು, ನೀರಾದರೇನು, ಒತ್ತಿ ಹಿಡಿಯುವುದೊಂದೇ ದಾರಿ, ನೀವು ಹೋಗಿ ವಾಲ್ವು ತಿರುಗಿಸಿ ಎಂದಳು.

ಊರಿನ ವಾಲ್ವುಗಳೆಲ್ಲ ನನಗೆ ಬಾಯಿಪಾಠ. ನಮ್ಮ ಕಟ್ಟಡದ್ದು ನಕ್ಷೆಯ ಪ್ರಕಾರ ಮೆಟ್ಟಿಲ ಕೆಳಗಿತ್ತು. ಓಡಿಹೋಗಿ ನೋಡಿದರೆ ಮೆಟ್ಟಿಲ ಕೆಳಗೆ ಒಂದು ಹಳೆ ಸೈಕಲ್ಲೂ ಒಂದು ಪೊರಕೆಯೂ ಇದ್ದವು. ನಾನು ನಕ್ಷೆ ಬರೆದ ಮೇಲೆ ಮಾಲೀಕರು ತಮ್ಮಿಷ್ಟದಂತೆ ಪೈಪನ್ನೂ ವಾಲ್ವನ್ನೂ ಬೇರೆ ಕಡೆಗೆ ತಿರುಗಿಸಿದ್ದಾರೆಂದು ನನಗೆ ತಿಳಿದದ್ದು ಆಮೇಲೆ. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ.

ಫೋನು ಇದ್ದದ್ದು ಮೇಷ್ಟ್ರ ಮನೆಯಲ್ಲಿ. ಬಾಗಿಲು ತೆಗೆದ ಮೇಷ್ಟ್ರು ಮನೆಯೊಳಗೇ ಕೊಡೆ ಬಿಚ್ಚಿ ಹಿಡಿದು ನಿಂತಿದ್ದರು. ಸೂರಿನಿಂದ ಅವರ ರೇಡಿಯೋ ಮೇಲೆ ತೊಟ ತೊಟ ಸುರಿಯುತ್ತಿತ್ತು.

"ಮೇಲೆ ಏನಪ್ಪಾ ನಡೀತಾ ಇದೆ?" ಎಂದರು.

ಗಾಬರಿಯಲ್ಲಿ ನಿಜವೇ ಬಾಯಿಗೆ ಬಂದುಬಿಟ್ಟಿತು. "ಮಧುಚಂದ್ರದ ತಯಾರಿ ಸರ್."

ಮೇಷ್ಟ್ರು ಕೊಡೆಯನ್ನು ತುಸು ಕೆಳಗಿಳಿಸಿ ಮುಖ ಮರೆಮಾಡಿಕೊಂಡು ಫೋನಿನ ಕಡೆ ಕೈ ತೋರಿಸಿದರು.

ಕಚೇರಿಯಲ್ಲಿ ರಜೆಯ ಡ್ಯೂಟಿ ಯಾರದೆಂದುಕೊಂಡಿರಿ? ಬೃಹಸ್ಪತಿಯದೇ! ಅವನು ಶಾಂತವಾಗಿ ನಕ್ಷೆ ತೆಗೆಸಿ, ಕನ್ನಡಕ ಹಾಕಿಕೊಂಡು, ನೋಡಿ ಹೇಳಿದ. "ಆ ಗೋಡೇಲಿ ಪೈಪ್ ಇಲ್ಲ ಕಣಯ್ಯಾ. ಸಹಿ ನಿಂದೇ ಇದೆ." ನಕ್ಷೆಯಲ್ಲಿಲ್ಲದ ಪೈಪು ಸೋರುತ್ತಿದೆ ಎನ್ನುವ ದೂರನ್ನು ದಾಖಲಿಸುವಂತಿಲ್ಲ ಎಂಬ ನಿಯಮವನ್ನೂ ನೆನಪಿಸಿದ. ಆ ನಿಯಮವನ್ನು ಸೂಚಿಸಿ ಸಾಹೇಬರಿಂದ ಶಹಬಾಸ್ ಗಿಟ್ಟಿಸಿದವನು ನಾನೇ. ಕೈಮುಗಿದು ಬೇಡಿಕೊಂಡ ಮೇಲೆ, ಕೆಲಸದವರು ಊರಾಚೆ ಇದ್ದಾರೆ, ಬಂದ ಕೂಡಲೇ ಕಳಿಸುತ್ತೇನೆ, ತಡವಾಗಬಹುದು ಎಂದ.

ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತೆ. ಕೋಣೆಯಲ್ಲಿ ಪಾದ ಮುಳುಗುವಷ್ಟು ನೀರು. ನಕ್ಷೆ ನೆನೆದು ಮೇಲಿನ ಅರ್ಧ ಸುರುಳಿಯಾಗಿ ಇಳಿದು ಅವಳ ತಲೆಯ ಮೇಲೆ ಕೂತಿತ್ತು. ಕೆಂಪು ದಾರ ಬಣ್ಣ ಬಿಟ್ಟು ಅವಳ ತೋಳಿನ ಮೇಲೆ ಹರಿಯುತ್ತಿತ್ತು. ಅವಳು ಹೆಬ್ಬೆರಳು ಕದಲಿಸದೆ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಿದ್ದಳು. ಬೆಳಗಿನಿಂದ ಅವಳು ಕೂತೇ ಇಲ್ಲ ಎಂದು ನನಗೆ ಹೊಳೆದದ್ದು ಆಗ. ಕೂತ್ಕೊಳ್ಳೋದು ಎಲ್ಲಿ ಎಂದು ಕೇಳಿದವಳನ್ನು ನಾನು ಗೋಡೆಗೆ ನಿಲ್ಲಿಸಿದ್ದೆ. ನನಗೆ ಅಳು ಬಂತು. ನೆನೆದಿದ್ದರಿಂದ ಗೊತ್ತಾಗಲಿಲ್ಲ, ಅಷ್ಟೆ.

ಮಂಚವನ್ನು ಎಳೆದು ಗೋಡೆಗೆ ತಂದು ಅವಳ ಹಿಂದೆ ಇಟ್ಟೆ. "ಕೂತ್ಕೊ. ಬೆರಳು ನಾನಿಡ್ತೀನಿ."

ಕೂತಳು. ನಾನೂ ಪಕ್ಕದಲ್ಲಿ ಕೂತು ವೆನಿಸ್ಸಿಗೆ ಬೆರಳಿಟ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ನಾವು ಹಾಸಿಗೆಯಾಚೆ ನೀರಿಗೇ ಕಾಲು ಇಳಿಬಿಟ್ಟಿದ್ದೆವು. ನನ್ನ ಬೆರಳು ಮರಗಟ್ಟಿದರೆ ಅವಳದು, ಅವಳದು ಮರಗಟ್ಟಿದರೆ ನನ್ನದು. ನಮ್ಮ ಚಪ್ಪಲಿಗಳು ಒಂದರ ಹಿಂದೊಂದು ತೇಲಿ ಬಾಗಿಲವರೆಗೆ ಹೋಗಿ ವಾಪಸು ಬರುತ್ತಿದ್ದವು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಸೀದ ವಾಸನೆ ಬಂತು. ಅವಳೇ ಎದ್ದು ಹೋಗಿ ಒಲೆ ಆರಿಸಿ ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು. ಅವಳ ವಾರ್ಡಿನಲ್ಲಿದ್ದ ಒಬ್ಬ ಅಜ್ಜಿಯ ವಿಷಯ ಹೇಳಿದಳು, ಆ ಅಜ್ಜಿ ತನಗೆ ದಿನವೂ ತಲೆ ಬಾಚಿ ಜಡೆ ಹಾಕಿದರೆ ಮಾತ್ರ ಮಾತ್ರೆ ನುಂಗುವಳಂತೆ. ಅಂಥ ಕಥೆಗಳು ಅವಳ ಬಳಿ ಎಷ್ಟಿದ್ದವು! ನಾನು ಊರುಗಳ ಹೆಸರು ಹೇಳುವುದರಲ್ಲೇ ಮುಳುಗಿ ಒಂದನ್ನೂ ಕೇಳಿರಲಿಲ್ಲ. ಅಂದು ಎಷ್ಟು ನಕ್ಕೆವೆಂದರೆ ಕೆಳಗಿನಿಂದ ಮೇಷ್ಟ್ರ ಕೋಲು ಮತ್ತೆ ಕುಟ್ಟಿತು.

ಕೊನೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. "ಸಿಸ್ಟರ್, ಎಲ್ಲಿ ಸೋರ್ತಿರೋದು?" ಎಂದು ಯಾರೋ ಕೂಗಿದರು. ಅವಳ ಮುಖ ಸಪ್ಪಗಾಯಿತು. "ಇಷ್ಟು ಬೇಗ ಬಂದ್ರಾ?" ಎಂದಳು.

ವಾಲ್ವು ಸಿಕ್ಕಿದ್ದು ಮೇಷ್ಟ್ರ ಅಡುಗೆಮನೆಯ ಕಪಾಟಿನ ಹಿಂದೆ. ಮೇಷ್ಟ್ರ ಸೂರು, ರೇಡಿಯೋ ಮತ್ತು ನಮ್ಮ ಗೋಡೆ ಸೇರಿ, ರಿಪೇರಿಯ ಖರ್ಚಿನಲ್ಲಿ ಯುರೋಪನ್ನು ನುಂಗಿ ನೀರು ಕುಡಿದವು. ಆಮೇಲೆ ಮಗಳು ಹುಟ್ಟಿದಳು, ಓದಿದಳು, ಮದುವೆಯಾದಳು. ಆ ಮನೆಯನ್ನೇ ನಾವು ಕೊಂಡುಕೊಂಡೆವು. ಸುಣ್ಣ ಬಣ್ಣದವರು ಬಂದಾಗಲೆಲ್ಲ ಮಲಗುವ ಕೋಣೆಯ ಗೋಡೆಯಲ್ಲಿದ್ದ ಹೆಬ್ಬೆರಳಗಲದ ಸಿಮೆಂಟಿನ ಗಂಟನ್ನು ಉಜ್ಜಿ ಸಮ ಮಾಡಲೇ ಎಂದು ಕೇಳುತ್ತಿದ್ದರು. ಅದನ್ನು ಮುಟ್ಟಬೇಡಿ ಎಂದು ಅವಳು ಪಕ್ಕದಲ್ಲೇ ನಿಂತು ಕಾಯುತ್ತಿದ್ದಳು. ಕೆಲವು ರಾತ್ರಿ ದೀಪ ಆರಿಸುವ ಮುಂಚೆ ನಾನೂ ಅದರ ಮೇಲೆ ಬೆರಳಿಟ್ಟು ನೋಡುವುದುಂಟು. ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೇನೆ ಎನ್ನುತ್ತೇನೆ, ಅವಳು ನಂಬಿದ ಹಾಗೆ ಮಾಡುತ್ತಾಳೆ.

ಹೋದ ವರ್ಷ ಅವಳು ನಿವೃತ್ತಳಾದಳು. ಅಂದೇ ನಾನು ಎದೆ ತಟ್ಟಿ ಹೇಳಿದೆ, ಈ ಸಲ ಇಡೀ ಯುರೋಪು! ನೀವು ಸುತ್ತಿಗೆ ಮುಟ್ಟದಿದ್ದರೆ ಸಾಕು ಎಂದಳು. ಟಿಕೆಟ್ಟು, ಹೋಟೆಲು ಎಲ್ಲ ಅವಳೇ ನೋಡಿಕೊಂಡಳು. ಊರು ಒಂದೇ. ಯಾವುದೆಂದು ಹೇಳಬೇಕಿಲ್ಲವಷ್ಟೆ.

ಕಾಲುವೆಯ ಪಕ್ಕದ ಕಲ್ಲು ಮೆಟ್ಟಿಲಿನ ಮೇಲೆ ಅವಳು ನಿಧಾನವಾಗಿ, ಮಂಡಿ ಹಿಡಿದುಕೊಂಡು ಕೂತಳು. ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು, ಕಾಲು ಇಳಿಬಿಟ್ಟಳು. ಯಾರೂ ಸಿಸ್ಟರ್ ಅನ್ನಲಿಲ್ಲ. ನಾನು ಪಕ್ಕದಲ್ಲಿ ಕೂತು ಬಾಯಿ ಬಿಗಿಹಿಡಿದುಕೊಂಡಿದ್ದೆ. ನೀರು ಮನೆಗಳ ಹೊಸ್ತಿಲು ನೆಕ್ಕುತ್ತಾ ಬೀದಿಯುದ್ದಕ್ಕೂ ತುಂಬಿತ್ತು. ಇಷ್ಟು ವರ್ಷದ ಮೇಲೆ ಅಂತೂ ಕೊಟ್ಟ ಮಾತು ಉಳಿಸಿಕೊಂಡೆನಲ್ಲ ಎಂದು ನನ್ನ ಎದೆ ಉಬ್ಬಿತು. ಮೆಲ್ಲಗೆ ಅವಳ ಕೈ ಹಿಡಿದು, ಹೇಗಿದೆ ಎಂದು ಕೇಳಿದೆ.

ಅವಳು ನೀರನ್ನೂ ಅದರಲ್ಲಿ ನಿಂತ ಮನೆಗಳನ್ನೂ ಈ ತುದಿಯಿಂದ ಆ ತುದಿಯವರೆಗೆ ನೋಡಿ, ನಿಟ್ಟುಸಿರು ಬಿಟ್ಟಳು.

"ಪಾಪ. ಇಲ್ಲಿ ಯಾರ ಗಂಡ ಮೊಳೆ ಹೊಡೆದ್ನೋ!"