ಎರಡು ಬಾವುಟಗಳ ನಡುವಿನ ನೀರು

ಮೇಲರ್ಧ ಕೆಂಪು, ಕೆಳಗರ್ಧ ಹಳದಿ, ಅಂಚಿನಲ್ಲಿ ಒಂದು ನೂಲು ಬಿಟ್ಟುಕೊಂಡಿದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಮಾತ್ರ ಆ ನೂಲು ಕಾಣುತ್ತದೆ. ನಾನು ಎಲ್ಲವನ್ನೂ ದೊಡ್ಡದು ಮಾಡಿ ನೋಡುವವಳು. ಅದರಿಂದ ತಿಳಿವಳಿಕೆ ಹೆಚ್ಚುತ್ತದೆ ಎಂದು ಕಾಲೇಜಿನಲ್ಲಿ ನಂಬಿದ್ದೆ. ಗೊಂದಲವೇ ಹೆಚ್ಚುವುದು ಎಂದು ಈಚೆಗೆ ಅನುಮಾನ ಬರುತ್ತಿದೆ. ಆ ಬಾವುಟ ಇಂಗ್ಲೆಂಡಿನ ಒಂದು ಕಡಲತೀರದ ಮರಳಿನಲ್ಲಿ ನಿಂತಿತ್ತು, ಅದರ ಚಿತ್ರ ಮುಂಬಯಿಯ ದಹಿಸರಿನ ನಮ್ಮ ಮನೆಯಲ್ಲಿ ನನ್ನ ಮಡಿಲಿನ ಲ್ಯಾಪ್‌ಟಾಪಿನಲ್ಲಿತ್ತು, ಮತ್ತು ಅದು ನಮ್ಮ ಕುಟುಂಬವನ್ನು ಇಷ್ಟೊಂದು ಕಲಕೀತು ಎಂದು ನನಗೆ ಹೊಳೆದಿರಲಿಲ್ಲ.

ವಿಷಯ ಇಷ್ಟೇ. ಮಾಟುಂಗದಲ್ಲಿ ಹೋಟೆಲು ನಡೆಸುವ ನನ್ನ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೊರಟಿದ್ದರು. ಅವರ ಮಗಳು ಸವಿತಕ್ಕ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ರಜೆ ಸಿಗುವ ಒಂದು ದಿನ ಮಕ್ಕಳನ್ನೂ ಕರೆದುಕೊಂಡು ಎಲ್ಲರೂ ಸಮುದ್ರ ತೀರಕ್ಕೆ ಹೋಗಿ ಬರುವುದು ಎಂದಾಯಿತು. ಯಾವ ತೀರ ಎಂದು ಆರಿಸುವ ಕೆಲಸ ನನ್ನ ತಲೆಗೆ ಬಂತು. ‘ನನಗೆ ಡ್ಯೂಟಿ ಮುಗಿಸಿ ಬಂದರೆ ಮಂಚ ಬಿಟ್ಟು ಬೇರೇನೂ ಕಾಣುವುದಿಲ್ಲ ಅನು. ನೀನು ದಿನಾ ಅದರಲ್ಲೇ ಇರುವವಳಲ್ಲವಾ, ಒಂದು ಸೇಫ್ ಆದದ್ದು ನೋಡಿ ಹೇಳು’ ಎಂದಳು ಸವಿತಕ್ಕ. ಅದರಲ್ಲೇ ಇರುವುದು ನಿಜ. ಬಾಂದ್ರಾದ ಒಂದು ಕಚೇರಿಯಲ್ಲಿ ಕುಳಿತು, ಬ್ರಿಟನ್ನಿನ ಜನರು ರಜೆಗೆ ಎಲ್ಲಿ ಹೋಗಬೇಕು ಎಂದು ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಉದ್ಯೋಗ. ಇಂಗ್ಲೆಂಡನ್ನು ನಾನು ನೋಡಿಲ್ಲ. ‘ಉಬ್ಬರದ ನೀರು ಬೇಗ ಏರುತ್ತದೆ, ನಿಮ್ಮ ಸಾಮಾನುಗಳನ್ನು ಒದ್ದೆ ಮರಳಿನ ಮೇಲೆ ಬಿಡಬೇಡಿ’ ಎಂಬ ಅರ್ಥದ ವಾಕ್ಯವನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನ್ನ ಗಮನ ಇದ್ದದ್ದು ಅಲ್ಪವಿರಾಮದ ಮೇಲೆ.

ಹುಡುಕಲು ಕುಳಿತ ಮೇಲೆ ತಿಳಿಯಿತು, ಆ ದೇಶದಲ್ಲಿ ಸಮುದ್ರಕ್ಕಿಂತ ಸೂಚನೆಗಳೇ ಹೆಚ್ಚು. ಒಂದು ತೀರದಲ್ಲಿ ಜೀವರಕ್ಷಕರು ಇರುತ್ತಾರೆ, ಆದರೆ ಮರಳಿಲ್ಲ, ಬರೀ ಉರುಟು ಕಲ್ಲು. ಇನ್ನೊಂದರಲ್ಲಿ ಚಿನ್ನದಂಥ ಮರಳು, ಜೀವರಕ್ಷಕರಿಲ್ಲ. ಮತ್ತೊಂದರಲ್ಲಿ ಎರಡೂ ಉಂಟು, ಆದರೆ ಇಳಿತದ ಹೊತ್ತಿಗೆ ಸಮುದ್ರವೇ ಎಲ್ಲೋ ಹೊರಟುಹೋಗುತ್ತದಂತೆ. ಅದನ್ನು ಹುಡುಕಿಕೊಂಡು ನಡೆದವರು ಕೆಸರಿನಲ್ಲಿ ಹೂತುಕೊಳ್ಳಬಹುದಂತೆ. ಬಾವುಟಗಳದ್ದು ಬೇರೆಯೇ ಕಥೆ. ಬರೀ ಕೆಂಪಾದರೆ ಯಾರೂ ಇಳಿಯಕೂಡದು. ಕಪ್ಪು ಬಿಳಿ ಚೌಕಗಳಾದರೆ ಹಲಗೆ ಮೇಲೆ ಅಲೆಯೇರುವವರ ಜಾಗ. ಕೆಂಪು ಹಳದಿಯ ಎರಡು ಬಾವುಟ ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಇಳಿಯಬಹುದು, ಜೀವರಕ್ಷಕರು ಅಲ್ಲೇ ಕಣ್ಣಿಟ್ಟಿರುತ್ತಾರೆ. ಇಲ್ಲಿ ನನಗೆ ಮೊದಲ ಗೊಂದಲ. ನಾನು ಬೆಳೆದ ಊರಿನಲ್ಲಿ ಸಮುದ್ರದ ಬಳಿ ಸೀಟಿ ಹಿಡಿದು ನಿಂತವನು ‘ಬಾಹರ್ ಆವೋ’ ಎಂದು ಜನರನ್ನು ನೀರಿನಿಂದ ಹೊರಗೆ ಕರೆಯುವುದಕ್ಕೆ ಇರುವವನು. ಇಲ್ಲಿ ಬಾ, ಇಲ್ಲಿ ಇಳಿ ಎಂದು ಸಮುದ್ರವನ್ನು ತೋರಿಸಿಕೊಡುವ ಮನುಷ್ಯನನ್ನು ನಾನು ಕಲ್ಪಿಸಿಕೊಳ್ಳಲಾರದೆ ಹೋದೆ.

ಸುರಕ್ಷಿತ ಎಂದರೆ ಏನು ಎಂಬುದೇ ಎರಡನೆಯ ಗೊಂದಲ. ಮಾಟುಂಗಕ್ಕೆ ಹೋದಾಗ ದೊಡ್ಡಪ್ಪನನ್ನು ಕೇಳಿದೆ. ‘ಸೇಫ್ ಅಂದರೆ ಎಂತ? ನೀರು ದೂರ ಇರಬೇಕು, ಕಕ್ಕಸು ಹತ್ತಿರ ಇರಬೇಕು’ ಎಂದರು. ಅಡುಗೆಮನೆಗೆ ಹೋದರೆ ದೊಡ್ಡಮ್ಮ ಕಾಫಿ ಡಿಕಾಕ್ಷನ್ನಿಗೆ ನೀರು ಸುರಿಯುತ್ತ, ಬಾಗಿಲ ಕಡೆ ಒಮ್ಮೆ ನೋಡಿ, ‘ಅನೂ, ನನಗೊಂದು ಉಪಕಾರ ಮಾಡು ಮಾರಾಯ್ತಿ. ಇಳಿಲಿಕ್ಕೆ ಬಿಡುವ ಸಮುದ್ರ ನೋಡು’ ಎಂದರು. ಅವರು ಹುಟ್ಟಿದ ಮನೆ ಉಡುಪಿಯ ಆಚೆ. ಮಲಗಿದರೆ ಅಲೆಯ ಸದ್ದು ಕೇಳುವಷ್ಟು ಹತ್ತಿರ. ಹುಡುಗಿಯರು ನೀರಿಗೆ ಇಳಿಯಬಾರದು ಎಂದು ಅವರ ಅಜ್ಜ ಬಿಡಲಿಲ್ಲ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಗಣಪತಿ ಮುಳುಗಿಸಲು ಚೌಪಾಟಿಗೆ ಹೋದಾಗಲೆಲ್ಲ ದೊಡ್ಡಪ್ಪ ‘ನೀನು ಚಪ್ಪಲಿ ನೋಡಿಕೊಂಡು ನಿಲ್ಲು’ ಎಂದು ರಸ್ತೆಯಲ್ಲೇ ನಿಲ್ಲಿಸಿದರು. ‘ಮೊಣಕಾಲಿನವರೆಗೆ ಸಾಕು. ಇಷ್ಟು ವರ್ಷ ಬೇರೆಯವರ ಚಪ್ಪಲಿ ಕಾದೆ. ಮೊಣಕಾಲು ಇನ್ನೂ ಗಟ್ಟಿ ಉಂಟು, ಬರುವ ವರ್ಷದ್ದು ಯಾರಿಗೆ ಗೊತ್ತು’ ಎಂದು ನಕ್ಕರು. ನಕ್ಕರೂ ಅವರು ತಮಾಷೆಗೆ ಹೇಳುತ್ತಿಲ್ಲ ಎಂದು ತಿಳಿಯುತ್ತಿತ್ತು. ದೊಡ್ಡಪ್ಪನಿಗೆ ನೀರು ದೂರವಿರಬೇಕು, ದೊಡ್ಡಮ್ಮನಿಗೆ ನೀರೊಳಗೆ ಹೋಗಬೇಕು. ಇಬ್ಬರಿಗೂ ಒಂದೇ ಸಮುದ್ರ ಹುಡುಕಬೇಕಾದವಳು ನಾನು.

ಅಂತೂ ಒಂದು ತೀರ ಸಿಕ್ಕಿತು. ಮೆತ್ತನೆಯ ಮರಳು, ಇಳಿಜಾರು ಕಡಿಮೆ, ಸವಿತಕ್ಕನ ಊರಿನಿಂದ ಕಾರಿನಲ್ಲಿ ಹೋಗಿ ಬರಬಹುದು, ಬೇಸಿಗೆ ಪೂರ್ತಿ ಜೀವರಕ್ಷಕರು. ಹೆಸರು ಬರೆಯುವುದಿಲ್ಲ, ಅದರ ಉಚ್ಚಾರ ನನಗೆ ಇಂದಿಗೂ ಖಚಿತವಿಲ್ಲ. ಭಾನುವಾರ ಅಪ್ಪನೂ ನಾನೂ ಮಾಟುಂಗಕ್ಕೆ ಹೋಗಿ, ಹೋಟೆಲಿನ ಮೇಲಿನ ಮನೆಯಲ್ಲಿ ಲ್ಯಾಪ್‌ಟಾಪು ತೆರೆದು ಆ ಚಿತ್ರ ತೋರಿಸಿದೆವು. ದೊಡ್ಡಪ್ಪ ಕನ್ನಡಕ ಏರಿಸಿದರು, ಇಳಿಸಿದರು.

‘ಇದು ನಮ್ಮ ಬಾವುಟ ಅಲ್ಲವಾ?’

‘ಅಲ್ಲ ದೊಡ್ಡಪ್ಪ. ಅದು ಜೀವರಕ್ಷಕರದ್ದು.’

‘ಎಂತ ಅಲ್ಲ? ಹಳದಿ ಕೆಂಪು. ಯಾರೋ ಉಲ್ಟಾ ಕಟ್ಟಿದ್ದಾರೆ ಅಷ್ಟೆ. ಅಲ್ಲಿ ಸಂಘ ಉಂಟು ಅಂತಾಯಿತು. ಯಾರು ಅದರ ಸೆಕ್ರೆಟರಿ?’

ಇಲ್ಲಿ ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮ ಕನ್ನಡ ಸಂಘದಲ್ಲಿ ಪ್ರತಿ ನವೆಂಬರಿನಲ್ಲೂ ಬಾವುಟ ಕಟ್ಟುವವರು ದೊಡ್ಡಪ್ಪ. ಹಳದಿ ಮೇಲೆ ಬರುವಂತೆ, ಮಡಿಕೆಯೊಳಗೆ ಸೇವಂತಿಗೆ ಎಸಳು ಇಟ್ಟು, ಹಗ್ಗ ಎಳೆದ ಕೂಡಲೇ ಬಿಚ್ಚಿಕೊಳ್ಳುವಂತೆ ಕಟ್ಟುವುದರಲ್ಲಿ ಅವರಿಗೆ ಸಮಾನರಿಲ್ಲ. ಒಂದು ವರ್ಷ ಅವರಿಗೆ ಜ್ವರ ಬಂದು ಆ ಕೆಲಸ ಅಪ್ಪನಿಗೆ ಬಿತ್ತು. ಅಪ್ಪ ಹಗ್ಗ ಎಳೆದರು, ಎಸಳು ಉದುರಿತು, ಕೆಂಪು ಮೇಲೆ ಬಂತು. ಅಂದಿನಿಂದ ಸಂಘದ ಎಲ್ಲ ಸಮಾರಂಭಗಳಲ್ಲೂ ಅಪ್ಪನಿಗೆ ಮಡಚುವ ಕುರ್ಚಿಗಳ ಉಸ್ತುವಾರಿ. ಆ ಭಾನುವಾರದವರೆಗೆ ಅವರು ಇದರ ಬಗ್ಗೆ ತುಟಿ ಎರಡು ಮಾಡಿದವರಲ್ಲ. ಅಂದು ಚಿತ್ರವನ್ನು ಬಹಳ ಹೊತ್ತು ನೋಡಿ, ‘ಅಣ್ಣ, ಅಲ್ಲಿ ಅಧಿಕೃತವಾಗಿಯೇ ಹೀಗೆ ಕಟ್ಟುತ್ತಾರೆ, ನೋಡು’ ಎಂದರು. ಅಪ್ಪನ ಧ್ವನಿಯಲ್ಲಿ ಅಷ್ಟು ಸಮಾಧಾನವನ್ನು ನಾನು ಕೇಳಿದ್ದು ಅದೇ ಮೊದಲು.

‘ನೀನು ಸುಮ್ಮನಿರು. ಕುರ್ಚಿ ನೋಡುವವನು ಕುರ್ಚಿ ನೋಡಬೇಕು’ ಎಂದರು ದೊಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿ, ‘ಇದೇ ಇರಲಿ. ನಮ್ಮವರು ಇರುವ ಜಾಗ ಅಂದರೆ ಹೆದರಿಕೆ ಇಲ್ಲ. ನಾನು ಒಂದು ಬಾವುಟ ಒಯ್ಯುತ್ತೇನೆ. ಹೇಗೆ ಕಟ್ಟುವುದು ಅಂತ ತೋರಿಸಿಯೇ ಬರುತ್ತೇನೆ’ ಎಂದರು.

ಈಗ ನನ್ನ ನಿಜವಾದ ಕಷ್ಟ ಶುರುವಾಯಿತು. ಅಲ್ಲಿ ಇನ್ನೊಂದು ಹಳದಿ ಕೆಂಪು ಬಾವುಟ ನೆಟ್ಟರೆ ಏನಾಗುತ್ತದೆ ಎಂದು ನನಗೆ ತಿಳಿದಿತ್ತು. ಹೇಳಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ತಟ್ಟೆ ಹಿಡಿದು ನಿಂತಿದ್ದರು. ಬೇಡ ಎಂಬಂತೆ ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದರು. ಬಾವುಟ ಬೇಡವೆಂದರೆ ದೊಡ್ಡಪ್ಪ ಆ ತೀರವೇ ಬೇಡ ಎನ್ನುತ್ತಾರೆ, ಯಾವುದಾದರೂ ತೋಟಕ್ಕೆ ಹೋಗಿ ಗುಲಾಬಿ ನೋಡಿ ಬರುತ್ತಾರೆ. ನಾನು ಬಾಯಿ ಮುಚ್ಚಿದೆ. ಸವಿತಕ್ಕನಿಗೆ ಮಾತ್ರ, ದೊಡ್ಡಪ್ಪನ ಚೀಲ ನೋಡಿಕೊಂಡಿರು ಎಂದು ಸಂದೇಶ ಕಳಿಸಿದೆ. ಉಪ್ಪಿನಕಾಯಿ ವಿಷಯ ಎಂದುಕೊಂಡಳಂತೆ. ಇಷ್ಟು ಓದಿದವಳು ಇನ್ನೊಂದು ವಾಕ್ಯ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನದು ಬೇರೆಯವರ ವಾಕ್ಯ ತಿದ್ದುವ ಉದ್ಯೋಗ ಎಂದಷ್ಟೇ ಹೇಳಬಲ್ಲೆ.

ಅವರು ಕಡಲಿಗೆ ಹೋದ ದಿನ ನಾನು ಕಚೇರಿಯಲ್ಲಿ ಮೂರು ಜನರಿಗೆ ತಪ್ಪು ಕಡತ ಕಳಿಸಿದೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಸವಿತಕ್ಕನ ವಿಡಿಯೋ ಕರೆ ಬಂತು. ಅಪ್ಪನೂ ಬಂದು ಪಕ್ಕದಲ್ಲಿ ಕುಳಿತರು. ಗಾಳಿಯ ಸದ್ದು, ಅದರ ನಡುವೆ ಅವಳ ಮಾತು.

‘ನಾನು ಮಕ್ಕಳಿಗೆ ಐಸ್‌ಕ್ರೀಮಿಗೆ ಕ್ಯೂ ನಿಂತಿದ್ದೆ ಅನು. ಅಷ್ಟರಲ್ಲಿ ಅಪ್ಪ ಮಗುವಿನ ಮೀನುಬಲೆಯ ಕೋಲು ತೆಗೆದು, ಅದಕ್ಕೆ ಬಾವುಟ ಕಟ್ಟಿ, ಬಂಡೆ ಇರುವ ಕಡೆ ಹೋಗಿ ನೆಟ್ಟಿದ್ದಾರೆ. ಜನ ಬಣ್ಣ ಮಾತ್ರ ನೋಡುತ್ತಾರೆ, ಯಾವುದು ಮೇಲೆ ಅಂತ ಯಾರು ನೋಡುತ್ತಾರೆ? ಎರಡು ಸಂಸಾರ ಟವೆಲು ಹಾಸಿ ಅಲ್ಲೇ ಕೂತಿವೆ. ಅಪ್ಪ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದಾರೆ.’

ಹಿಂದಿನಿಂದ ದೊಡ್ಡಪ್ಪನ ದನಿ ಬಂತು. ‘ಮರ್ಯಾದೆಯವರು. ಬಾವುಟ ನೋಡಿದ ಕೂಡಲೇ ಬಂದು ಕೂತರು.’

ಆ ಎರಡು ಸಂಸಾರಗಳ ಮಕ್ಕಳು ಬಂಡೆಗಳ ಕಡೆ ನೀರಿಗೆ ಇಳಿಯಲು ಹೊರಟಾಗ ಸೀಟಿ ಕೇಳಿತಂತೆ. ಜೀವರಕ್ಷಕಿ ಓಡಿ ಬಂದಳು. ನನ್ನಷ್ಟೇ ವಯಸ್ಸಿನ ಹುಡುಗಿಯಂತೆ. ಮಕ್ಕಳನ್ನು ಹಿಂದೆ ಕರೆದಳು, ಬಾವುಟ ನೋಡಿದಳು, ದೊಡ್ಡಪ್ಪನನ್ನು ನೋಡಿದಳು, ಬಹಳ ನಯವಾಗಿ ಏನೋ ಹೇಳಿದಳು. ಸವಿತಕ್ಕ ಕರಗುವ ಐಸ್‌ಕ್ರೀಮು ಹಿಡಿದು ಓಡಿ ಬಂದು ಅದನ್ನು ಕನ್ನಡಕ್ಕೆ ತಂದಳು: ಇಲ್ಲಿ ನೀರಿನ ಸೆಳೆತ ಇದೆ, ಈ ಬಣ್ಣ ಕಂಡರೆ ಜನ ನಂಬಿ ಇಳಿಯುತ್ತಾರೆ. ದೊಡ್ಡಪ್ಪ ಇಳಿಯಲು ಹೊರಟಿದ್ದ ಆ ಮಕ್ಕಳನ್ನು ಒಮ್ಮೆ ನೋಡಿದರು. ಬಾವುಟ ಬಿಚ್ಚಿ, ಮಡಿಸಿ, ಅಂಗಿಯ ಜೇಬಿಗೆ ಇಟ್ಟುಕೊಂಡರಂತೆ.

ಹುಡುಗಿ ಹೊರಡುವ ಮೊದಲು ತನ್ನ ಎರಡು ಬಾವುಟಗಳ ಕಡೆ ಕೈ ತೋರಿಸಿ, ನೀರಿಗೆ ಹೋಗುವಿರಾ ಎಂದು ಕೇಳಿದಳು. ದೊಡ್ಡಮ್ಮನಿಗೆ ಇಂಗ್ಲಿಷು ಬಾರದು. ಆದರೂ ಸವಿತಕ್ಕ ಕನ್ನಡದಲ್ಲಿ ಹೇಳುವ ಮೊದಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅವಳ ಹಿಂದೆ ಹೊರಟುಬಿಟ್ಟರು. ಸವಿತಕ್ಕ ಆಗ ತೆಗೆದ ವಿಡಿಯೋ ಕಳಿಸಿದಳು. ಬೂದು ಬಣ್ಣದ ನೀರು, ಎರಡು ಉಲ್ಟಾ ಬಾವುಟ, ನಡುವೆ ಹಸಿರು ಸೀರೆ, ಸ್ವೆಟರು. ದಡದಲ್ಲಿ ದೊಡ್ಡಪ್ಪ ದೊಡ್ಡಮ್ಮನ ಚಪ್ಪಲಿ ಹಿಡಿದು, ‘ಸಾಕು, ಸಾಕು ಮಾರಾಯ್ತಿ, ಬಾ’ ಎನ್ನುತ್ತಿದ್ದಾರೆ. ದೊಡ್ಡಮ್ಮ ತಿರುಗಿ ನೋಡುತ್ತಿಲ್ಲ. ನೀರು ಮೊಣಕಾಲು ದಾಟಿತ್ತು.

ಅಪ್ಪ ಎದ್ದು ಬಾಲ್ಕನಿಗೆ ಹೋಗಿ ಕೆಮ್ಮಿದರು.

ಆಮೇಲೆ ದೊಡ್ಡಮ್ಮ ಫೋನು ತೆಗೆದುಕೊಂಡರು. ಕಂಬಳಿ ಹೊದ್ದಿದ್ದರು, ತುಟಿ ನೀಲಿಯಾಗಿತ್ತು. ‘ಫ್ರಿಜ್ಜಿನಲ್ಲಿ ಇಟ್ಟ ಹಾಗೆ ಉಂಟು ನೀರು. ಆದರೆ ಎಂತ ಹೇಳಲಿ ನಿನಗೆ, ಕಾಲಡಿಯಿಂದ ಮರಳನ್ನು ಎಳೆದುಕೊಂಡು ಹೋಗುತ್ತದೆ, ನೋಡು, ಆಗ ನಾವೇ ಹೋಗುತ್ತಿದ್ದೇವೆ ಅಂತ ಅನಿಸುತ್ತದೆ. ನಿನಗೂ ಹಾಗೇ ಆಗುತ್ತದಾ?’

‘ಗೊತ್ತಿಲ್ಲ ದೊಡ್ಡಮ್ಮ.’

‘ಗೊತ್ತಿಲ್ಲ ಅಂದರೆ? ನೀನು ಇಳಿದೇ ಇಲ್ಲವಾ? ಅಷ್ಟೆಲ್ಲ ಓದಿ ಹೇಳಿದೆಯಲ್ಲ.’

ಇಲ್ಲ ಎಂದೆ. ‘ಎಂತಕ್ಕೆ?’ ಎಂದರು. ಹುಟ್ಟಿದಾಗಿನಿಂದ ಸಮುದ್ರ ಇರುವ ಊರಿನಲ್ಲಿದ್ದೇನೆ. ನನ್ನನ್ನು ತಡೆದ ಅಜ್ಜನೂ ಇಲ್ಲ, ಚಪ್ಪಲಿ ಕಾಯಲು ಹೇಳಿದವರೂ ಇಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಕರೆ ಮುಗಿಸಿದೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಎಂದಿಗಿಂತ ಮುಂಚಿನ ಲೋಕಲ್ ರೈಲು ಹಿಡಿದು, ಬಾಂದ್ರಾಕ್ಕೆ ಹೋಗುವ ಬದಲು ವಿಲೆ ಪಾರ್ಲೆಯಲ್ಲಿ ಇಳಿದು, ರಿಕ್ಷಾದಲ್ಲಿ ಜುಹೂ ತೀರಕ್ಕೆ ಹೋದೆ. ಓಡುವವರು, ನಾಯಿಗಳು, ಯೋಗ ಮಾಡುವ ಮುದುಕರು. ಅಭ್ಯಾಸಬಲದಿಂದ ಮೊದಲು ಬಾವುಟ ಹುಡುಕಿದೆ. ನಾನು ನಿಂತ ಕಡೆ ಯಾವ ಬಣ್ಣದ್ದೂ ಕಾಣಲಿಲ್ಲ. ಎಲ್ಲಿ ಇಳಿಯಬೇಕೆಂದು ತೋರಿಸುವವರಿಲ್ಲದೆ ಇಳಿಯುವುದು ಹೇಗೆ ಎಂದು ಸ್ವಲ್ಪ ಹೊತ್ತು ನಿಂತೆ. ಕೊನೆಗೆ ಚಪ್ಪಲಿ ಬಿಚ್ಚಿ, ಎಡಗಾಲಿನದನ್ನು ಎಡಕ್ಕೆ, ಬಲಗಾಲಿನದನ್ನು ಬಲಕ್ಕೆ, ನೀರಿನ ಅಂಚಿನಲ್ಲಿ ಅಳತೆ ಹಿಡಿದಂತೆ ಇಟ್ಟು, ಅವುಗಳ ನಡುವಿನಿಂದ ನೀರಿಗೆ ಇಳಿದೆ. ದೊಡ್ಡಮ್ಮ ಹೇಳಿದ್ದು ನಿಜ. ಕಾಲಡಿಯ ಮರಳು ಹೋಗುತ್ತದೆ, ನಾವೇ ಹೋದಂತೆ ಅನಿಸುತ್ತದೆ. ಅದನ್ನು ಸರಿಯಾಗಿ ಗಮನಿಸಬೇಕೆಂದು ಬಗ್ಗಿ ಪಾದಗಳನ್ನೇ ನೋಡುತ್ತಿದ್ದಾಗ ಎಡಗಡೆಯ ಚಪ್ಪಲಿ ನನ್ನ ಪಕ್ಕದಲ್ಲೇ ಅವಸರವಿಲ್ಲದೆ ಅರಬ್ಬೀ ಸಮುದ್ರದ ಕಡೆ ಹೊರಟುಹೋಯಿತು.

ಉಳಿದದ್ದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕಚೇರಿಗೆ ಹೋದೆ. ಯಾರೂ ಏನೂ ಕೇಳಲಿಲ್ಲ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಕಂಪ್ಯೂಟರು ತೆರೆದು, ಒದ್ದೆ ಮರಳಿನ ಮೇಲೆ ಸಾಮಾನು ಬಿಡಬೇಡಿ ಎಂಬ ಆ ವಾಕ್ಯವನ್ನು ಹುಡುಕಿ, ಮೊದಲ ಸಲ ಅದರ ಅರ್ಥಕ್ಕಾಗಿ ಓದಿದೆ.