ಎಡಗಡೆ ಸೀಟಿನ ತೂಕ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಇರಲೇಬೇಕು, ಇಲ್ಲದಿದ್ದರೆ ಆತ ಮನೆಯವರ ತಲೆ ತಿನ್ನುತ್ತಾನೆ. ನಮ್ಮ ಇಚಲಕರಂಜಿಯಲ್ಲಿ ನನ್ನ ಓರಗೆಯ ನೂಲಿನ ವ್ಯಾಪಾರಿಗಳಿಗೆ ಬೆಳಗಿನ ನಡಿಗೆಯ ಹುಚ್ಚು. ನನಗೆ ಆಟೋಕ್ರಾಸ್. ಬಯಲಿನಲ್ಲಿ ರಬ್ಬರಿನ ಗೂಟಗಳನ್ನು ಇಟ್ಟಿರುತ್ತಾರೆ; ಒಂದನ್ನೂ ಬೀಳಿಸದೆ ಅವುಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಿ ಬರಬೇಕು, ಗಡಿಯಾರ ನೋಡಿ ಗೆದ್ದವರನ್ನು ಹೇಳುತ್ತಾರೆ. ಅದಕ್ಕಾಗಿಯೇ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡೆ. ಹೆಂಡತಿ ಪದ್ಮಾಗೆ ಮಾತ್ರ, ನಿನ್ನ ತವರಿಗೆ ಹೋಗಿಬರಲು ಎಂದು ಹೇಳಿದ್ದೆ. ಆಕೆಯ ತವರು ಗಡಹಿಂಗ್ಲಜ.

ಮೊದಲು ಟೈರಿನ ಚಿಂತೆ. ವಾರಗಟ್ಟಲೆ ಓದಿ, ನೆಲವನ್ನು ಅಂಟಿ ಹಿಡಿಯುವ ಮೆತ್ತನೆಯ ರಬ್ಬರಿನವೇ ಸರಿ ಎಂದು ಹಾಕಿಸಿದೆ. "ಎಷ್ಟ ದಿನಾ ಬಾಳಕಿ ಬರತಾವ್ರಿ ಇವು?" ಎಂದಳು ಪದ್ಮಾ. ಒಂದು ವರ್ಷ ಬಂದರೆ ಪುಣ್ಯ ಎಂದೆ. "ನನ್ನ ಚಪ್ಪಲಿಗೆ ನಾಕ ವರ್ಷ ಆತು" ಎಂದು ಒಳಗೆ ಹೋದಳು.

ಆಮೇಲೆ ಸ್ಪ್ರಿಂಗು. ತಿರುವಿನಲ್ಲಿ ಕಾರು ವಾಲಬಾರದೆಂದು ಇದ್ದುದರಲ್ಲೇ ಗಟ್ಟಿಯಾದವನ್ನು ಹಾಕಿಸಿ ಗಡಹಿಂಗ್ಲಜಕ್ಕೆ ಹೊರಟೆವು. ರಸ್ತೆಯಲ್ಲಿ ಬಿದ್ದ ಕಬ್ಬಿನ ಸಿಪ್ಪೆಯೂ ಬೆನ್ನುಮೂಳೆಗೆ ಗೊತ್ತಾಗುತ್ತಿತ್ತು. ನಿಪ್ಪಾಣಿಯಲ್ಲಿ ಪದ್ಮಾ ತಣ್ಣಗೆ ಇಳಿದು ಎಸ್‌ಟಿ ಬಸ್ಸು ಹತ್ತಿದಳು. ಪ್ರತಿ ಉಬ್ಬಿನಲ್ಲೂ ತೆವಳುತ್ತ ನಾನು ಮುಟ್ಟುವ ಹೊತ್ತಿಗೆ ಆಕೆಯ ಊಟ ಮುಗಿದಿತ್ತು. "ನಾ ಕುಂಡ್ರೂ ಹಂಗ ಮಾಡಸ್ರಿ. ಇಲ್ಲಂದ್ರ ಮಾರಿಬಿಡ್ರಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಸಿಟ್ಟೇ ಇಲ್ಲದೆ ಹೇಳಿದ್ದರಿಂದ ನಿಜಕ್ಕೂ ಹೆದರಿದೆ.

ಯಡ್ರಾವದ ಬಾಬುವಿನ ಬಳಿ ಓಡಿದೆ. ಬಾಬು ಮೂವತ್ತು ವರ್ಷ ಪವರ್‌ಲೂಮ್ ರಿಪೇರಿ ಮಾಡಿ ಈಗ ಕಾರಿಗೆ ಇಳಿದವನು. "ಖಾಲಿ ಮಗ್ಗಾ ಹದಾ ಮಾಡಾಕ ಬರಂಗಿಲ್ರಿ. ನೂಲ ಸುತ್ತಿದ ಬೀಮ್ ಏರಿಸೇ ಮಾಡಬೇಕ. ಗಾಡ್ಯಾಗ ಯಾರ್ಯಾರ ಕುಂಡ್ರತೀರಿ, ಎಲ್ಲಾರೂ ಕುಂಡ್ರರಿ" ಎಂದ. ಇಬ್ಬರೂ ಕೂತೆವು. ಸ್ಪ್ರಿಂಗು ಬದಲಿಸಿ, ನಮ್ಮಿಬ್ಬರ ಭಾರಕ್ಕೆ ಸರಿಯಾಗಿ ನಾಲ್ಕೂ ಮೂಲೆ ಹದಮಾಡಿದ. ಮುಂದಿನ ಸಲ ಪದ್ಮಾ ಗಡಹಿಂಗ್ಲಜದವರೆಗೆ ನಿದ್ದೆ ಹೊಡೆದಳು. ಕಾರು ಉಳಿಯಿತು.

ಸ್ಪರ್ಧೆ ಗೋಕುಳ ಶಿರಗಾಂವದ ಬಯಲಿನಲ್ಲಿ. ನಿಯಮದಂತೆ ಒಬ್ಬನೇ ಕೂತು ಹೊರಟೆ. ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗಿತು. ಐದು ಗೂಟಗಳು ಮಲಗಿದವು, ನಾನು ಕಟ್ಟಕಡೆಗೆ ಬಂದೆ. ನೋಡಲು ಬಂದಿದ್ದ ಬಾಬು ಕಾರಿನೊಳಗೆ ಇಣುಕಿ ಗಾಬರಿಯಾದ. "ಪದ್ಮಾ ವೈನಿ ಎಲ್ಲಿ? ಬೀಮ್ ಇಲ್ಲದ ಮಗ್ಗಾ ಓಡಿಸಿರೇನ್ರಿ?"

ಒಬ್ಬನಿಗೆ ಹದಮಾಡಿದರೆ ವೈನಿ ಮತ್ತೆ ಎಸ್‌ಟಿಗೆ. ಅದಕ್ಕೆ ಬಾಬುವೇ ಉಪಾಯ ಹೇಳಿದ: ಸ್ಪರ್ಧೆಯ ದಿನ ವೈನಿಯ ತೂಕದಷ್ಟು ನೂಲಿನ ಚೀಲ ಎಡಸೀಟಿಗೆ ಕಟ್ಟುವುದು. ಆದರೆ ಆ ತೂಕ ಕೇಳುವವರಾರು? ಟೈರಿನ ಗಾಳಿ ಎಷ್ಟಿರಬೇಕೆಂದು ದಾರಿಹೋಕರನ್ನೂ ಕೇಳಿದವನು ಇದೊಂದನ್ನು ಕೇಳಲು ಮೂರು ದಿನ ತಾಲೀಮು ಮಾಡಿದೆ. ಪದ್ಮಾ ಜೋಳದ ಭಕ್ರಿ ಬಡಿಯುತ್ತ ಕ್ಷಣಹೊತ್ತು ಯೋಚಿಸಿದಳು. "ಐವತ್ತ ಹಿಡೀರಿ" ಎಂದಳು.

ಚೀಲ ಎತ್ತಿದೊಡನೆ ತೂಕ ಹೇಳುವ ವ್ಯಾಪಾರಿ ನಾನು. ಎಲ್ಲಿ ಹೇಳಬಾರದೆಂಬುದೂ ನನಗೆ ಗೊತ್ತು. ಮುಂದಿನ ಸ್ಪರ್ಧೆಗೆ ಸರಿಯಾಗಿ ಐವತ್ತು ಕಿಲೋ ಕಟ್ಟಿದೆ, ಮತ್ತೆ ಕೊನೆಗೇ ಬಂದೆ. ಬಾಬು ಚೀಲವನ್ನೂ ನನ್ನನ್ನೂ ನೋಡಿ, "ಮಾಲ ಭಾಳ ಕಮ್ಮಿ ಬಿದ್ದೈತ್ರಿ" ಎಂದ. "ಮಾಲ ಬರೋಬ್ಬರಿ ಐತಿ. ನನಗ ಗಾಡಿ ಹೊಡ್ಯಾಕ ಬರಂಗಿಲ್ಲ" ಎಂದೆ.

ಮನೆಯಲ್ಲಿ ಪದ್ಮಾ, "ಚೀಲಾ ಬರೋಬ್ಬರಿ ಆತೇನ್ರಿ?" ಎಂದು ಕೇಳಿದಳು. ಬರೋಬ್ಬರಿ, ತೂಕ ಸರಿಹೋಯಿತೆಂದೆ. ಖುಷಿಯಿಂದ ಇನ್ನೊಂದು ಭಕ್ರಿ ಹಾಕಿದಳು. ಬಾಬು ಪುಣ್ಯಾತ್ಮ, ನನ್ನ ತೂಕ ಕೇಳಲಿಲ್ಲ. ಕೇಳಿದ್ದರೆ ಮದುವೆಯ ದಿನದ್ದನ್ನೇ ಹೇಳುತ್ತಿದ್ದೆ. ಆ ಭಕ್ರಿಯನ್ನೂ ತಿಂದೆ.